ಮಳೆಯ ಲೆಕ್ಕ ಮಕ್ಕಳ ಕೈಯಲ್ಲಿ

ಕಳಸದಿಂದ ಹೊರನಾಡಿಗೆ ಸಾಗುವ ಹಾದಿಯಲ್ಲಿ ಭದ್ರಾ ನದಿಗೆ ಅಡ್ಡಲಾಗಿರುವ ಹೆಬ್ಬಾಳೆ ಸೇತುವೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿರಲಾರರು. ಕುದುರೆಮುಖದ ಬೆಟ್ಟಸಾಲಿನಲ್ಲಿ ಮಳೆ ಬಿರುಸಾದಾಗ ನೀರು ಸೇತುವೆಯನ್ನೇರುತ್ತದೆ, ಸಂಪರ್ಕ ಕಡಿಯುತ್ತದೆ. ‘ಇಂದು ಸೇತುವೆ ಮುಳುಗೀತೇ?’ ಎಂಬುದು ಇಲ್ಲಿನ ಶಾಲಾಮಕ್ಕಳಿಗೆ ಪಠ್ಯಪುಸ್ತಕದ ಪ್ರಶ್ನೆಯಲ್ಲ, ಮನೆ ಸೇರುವ ಪ್ರಶ್ನೆ.

ಗಣಕಯಂತ್ರಕ್ಕೆ ಆದೇಶ ಬರೆಯುವ ವಿದ್ಯೆಯನ್ನು, ಅಂದರೆ ಕೋಡಿಂಗನ್ನು, ಮಾಧ್ಯಮಿಕ ಹಂತದಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆರರಿಂದ ಹನ್ನೆರಡನೆಯ ತರಗತಿಯವರಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳೂ ಬಂದಿವೆ. ಆದರೆ ಆ ವಿದ್ಯೆ ಪರದೆಯ ಮೇಲೆ ಬೆಕ್ಕನ್ನು ಕುಣಿಸುವುದರಲ್ಲೇ ಮುಗಿಯಬೇಕೇ? ಮಲೆನಾಡಿನ ಮಗು ಅದನ್ನು ಮಳೆಯಿಂದಲೇ ಆರಂಭಿಸಬಹುದೆಂಬುದು ನಮ್ಮ ವಿನಂತಿ.

ನಮ್ಮ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಬರೆದಿಡುವ ಪದ್ಧತಿ ಹಳೆಯದು. ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದರ ಮೇಲೆ ಬೆಳೆಗಾರನ ವರುಷವೇ ನಿಂತಿರುತ್ತದೆ. ತೋಟದ ಪುಸ್ತಕದಲ್ಲಿ ಲೆಕ್ಕ ಇಂಚು–ಸೆಂಟುಗಳಲ್ಲಿರುತ್ತದೆ. ಹವಾಮಾನ ಇಲಾಖೆಯದು ಮಿಲಿಮೀಟರುಗಳಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರ್. ಈ ಪರಿವರ್ತನೆಯೇ ಮಗು ಬರೆಯುವ ಮೊದಲ ಆದೇಶವಾಗಲಿ. ದಿನವೊಂದರಲ್ಲಿ 64.5 ಮಿಲಿಮೀಟರ್ ದಾಟಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’, 204.4ಕ್ಕೂ ಮೀರಿದರೆ ‘ಅತ್ಯಂತ ಭಾರಿ’ ಎಂಬ ಇಲಾಖೆಯ ವರ್ಗೀಕರಣ ಎರಡನೆಯ ಪಾಠವಾಗಲಿ.

ಇಲ್ಲೊಂದು ಗಹನ ಪ್ರಶ್ನೆ ಏಳುತ್ತದೆ. ನಾಲ್ಕು ಇಂಚು ಐವತ್ತು ಸೆಂಟು ಎಂದರೆ 114.3 ಮಿಲಿಮೀಟರ್, ಯಂತ್ರ ‘ಭಾರಿ’ ಎನ್ನುತ್ತದೆ. ಇನ್ನು ಹತ್ತು ಸೆಂಟು ಸೇರಿದರೆ ‘ಅತಿ ಭಾರಿ’. ಆ ಹತ್ತು ಸೆಂಟಿನಿಂದ ಗುಡ್ಡದ ಸ್ವಭಾವ ಬದಲಾಯಿತೇ? ಇಲ್ಲ. ಗೆರೆ ಎಳೆದವರು ಮನುಷ್ಯರು.

2019ರ ಆಗಸ್ಟ್ ತಿಂಗಳನ್ನು ಮೂಡಿಗೆರೆ ಸೀಮೆ ಮರೆಯಲಾರದು. ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ–ತೋಟಗಳು ಮಣ್ಣುಪಾಲಾದವು. ಅದರ ಹಿಂದಿನ ವರ್ಷ ಕೊಡಗು, 2024ರ ಜುಲೈ 30ರ ನಸುಕಿನಲ್ಲಿ ವಯನಾಡು ಇದೇ ದುಃಖವನ್ನುಂಡವು. ಗುಡ್ಡ ಜಾರುವುದು ಒಂದೇ ದಿನದ ಮಳೆಯ ಲೆಕ್ಕವಲ್ಲ. ದಿನಗಟ್ಟಲೆ ಸುರಿದ ನೀರು ಮಣ್ಣಿನೊಳಗೆ ತುಂಬಿ, ಅದರ ಹಿಡಿತ ಸಡಿಲಗೊಂಡಿರುತ್ತದೆ. ರಸ್ತೆಗೋ ಮನೆಗೋ ಕಡಿದ ಇಳಿಜಾರು ಮೊದಲೇ ದುರ್ಬಲವಾಗಿರುತ್ತದೆ. ಆದುದರಿಂದ ಹಿಂದಿನ ಮೂರು ದಿನಗಳ ಮಳೆಯನ್ನು ಕೂಡಿಸುತ್ತ ಹೋಗುವ ಆದೇಶ ಮೂರನೆಯ ಪಾಠ. ಸೇತುವೆ ಮುಳುಗಿದ ದಿನ, ಗಂಟೆಗಳನ್ನು ಅದರ ಪಕ್ಕದಲ್ಲಿ ಬರೆದಿಟ್ಟರೆ, ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮಕ್ಕಳ ಕೈಯಲ್ಲಿ ತಮ್ಮ ನದಿಯದೇ ಒಂದು ಚರಿತ್ರೆ ಇರುತ್ತದೆ.

ಗುರುಮಠದಲ್ಲಿ ತರ್ಕಶಾಸ್ತ್ರ ಓದುತ್ತಿದ್ದಾಗ ‘ಇದು ಹೀಗಾದರೆ ಅದು ಹಾಗೆ’ ಎಂಬ ವಾಕ್ಯವನ್ನು ನಾವು ನೂರು ಬಗೆಯಲ್ಲಿ ತಿದ್ದಿದ್ದೇವೆ. ಗಣಕಯಂತ್ರದ ಆದೇಶವೂ ಅದೇ ವಾಕ್ಯ. ಆದರೆ ‘ಹೀಗಾದರೆ’ ಎಂಬಲ್ಲಿ ಯಾವ ಅಂಕಿಯನ್ನಿಡಬೇಕೆಂದು ತರ್ಕ ಹೇಳಿಕೊಡುವುದಿಲ್ಲ. ಅಂಕಿ ತಗ್ಗಿಸಿದರೆ ಎಚ್ಚರಿಕೆ ಮತ್ತೆ ಮತ್ತೆ ಸುಳ್ಳಾಗಿ ಜನ ಕಿವಿಗೊಡುವುದನ್ನೇ ಬಿಡುತ್ತಾರೆ. ಏರಿಸಿದರೆ ಎಚ್ಚರಿಕೆ ಬರುವ ಮೊದಲೇ ಮನೆ ಹೋಗಿರಬಹುದು. ಇಳಿಜಾರಿನ ಲೈನ್ ಮನೆಯಲ್ಲಿ ಮಲಗಿರುವ ಕೂಲಿಯವನ ಕುಟುಂಬವನ್ನು ನೆನೆದು ಆ ಅಂಕಿಯನ್ನು ಆರಿಸಬೇಕು. ಇದು ಗಣಿತವಲ್ಲ, ಅಂತಃಸಾಕ್ಷಿ. ಹನ್ನೆರಡರ ಮಗು ಇದನ್ನು ಅರಿತರೆ ಕಲಿಕೆ ಸಾರ್ಥಕ.

ಮಕ್ಕಳ ಯಂತ್ರ ಭೂಕುಸಿತವನ್ನು ಮುನ್ನುಡಿಯಲಾರದು. ಆ ಭ್ರಮೆಯನ್ನು ಯಾರೂ ಬಿತ್ತಬಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ; ಅಧಿಕೃತ ಎಚ್ಚರಿಕೆಗೇ ಮೊದಲ ಮನ್ನಣೆ. ಆದರೆ ಬಿರುಮಳೆಯಲ್ಲಿ ವಿದ್ಯುತ್ತು ಹೋಗಿ, ದೂರವಾಣಿ ಮೌನವಾದಾಗ ಸುದ್ದಿ ಕೊನೆಯ ಮನೆಯನ್ನು ಮುಟ್ಟುವುದು ಕಾಲ್ನಡಿಗೆಯಿಂದಲೇ. ಮಳೆಯ ಅಂಕಿಯ ಅರ್ಥ ತಿಳಿದ ಮಗುವೊಂದು ಆ ಮನೆಯಲ್ಲಿದ್ದರೆ, ‘ಅಜ್ಜಿ, ಇಂದು ಇಲ್ಲಿ ಮಲಗುವುದು ಬೇಡ’ ಎಂದು ಅದೇ ಹೇಳೀತು. ಆಗ ಆ ಮಾತನ್ನು ಕೇಳುವ ತಾಳ್ಮೆ ಹಿರಿಯರಾದ ನಮ್ಮಲ್ಲಿರಬೇಕು.