ಬಾಯ್ನ್ ತೀರದ ಕಲ್ಲುಗುಡ್ಡಕ್ಕೆ ಬಿಸಿಲು ಬರುವ ಹೊತ್ತು

ಡಿಸೆಂಬರ್ 21ರ ಆಸುಪಾಸು ಐರ್ಲೆಂಡಿನಲ್ಲಿ ವರ್ಷದ ಅತಿ ಗಿಡ್ಡ ಹಗಲು. ಬೆಳಗಿನ ಒಂಬತ್ತು ಸಮೀಪಿಸಿದರೂ ಸೂರ್ಯ ಬಾಯ್ನ್ ನದಿಯಾಚೆಯ ದಿಣ್ಣೆಯ ಮರೆಯಲ್ಲೇ ಇದ್ದಾನೆ. ಈಚೆ ದಡದ ನ್ಯೂಗ್ರೇಂಜ್ ಗುಡ್ಡದ ಹೊಟ್ಟೆಯೊಳಗೆ, ಚೀಟಿ ಎತ್ತಿದಾಗ ಹೆಸರು ಬಂದ ಕೆಲವೇ ಅದೃಷ್ಟವಂತರು ಕತ್ತಲಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ಅಲ್ಲಿಗೆ ಬರಲು 19 ಮೀಟರ್ ಉದ್ದದ ಇಕ್ಕಟ್ಟಾದ ಓಣಿಯಲ್ಲಿ ತಲೆ ತಗ್ಗಿಸಿ, ಮೈ ಓರೆ ಮಾಡಿಕೊಂಡು ನುಸುಳಬೇಕು.

ಒಂಬತ್ತಕ್ಕೆ ಇನ್ನೂ ಎರಡು ನಿಮಿಷವಿರುವಾಗ ನೆಲದ ಮೇಲೆ ಬೆಳಕಿನ ಗೆರೆಯೊಂದು ಮೂಡುತ್ತದೆ. ಅದು ಬಾಗಿಲಿನಿಂದ ಬಂದದ್ದಲ್ಲ. ಓಣಿಯ ನೆಲ ಒಳಹೋದಂತೆ ಏರುವುದರಿಂದ ಬಾಗಿಲ ಬೆಳಕು ನಡುದಾರಿಯಲ್ಲೇ ಸೋಲುತ್ತದೆ. ಅದಕ್ಕೆಂದೇ ಬಾಗಿಲ ನೆತ್ತಿಯಲ್ಲಿ ಇನ್ನೊಂದು ಕಿಂಡಿ ಬಿಟ್ಟಿದ್ದಾರೆ. ಬಿಸಿಲಕೋಲು ಕೋಣೆಯ ಹಿಂಬದಿಗೆ ಚಾಚಿ, ಅಗಲವಾಗಿ, ಮತ್ತೆ ಸಣ್ಣಗಾಗಿ, 17 ನಿಮಿಷದಲ್ಲಿ ಹಿಂದೆ ಸರಿಯುತ್ತದೆ. ತಲೆಯ ಮೇಲೆ ಆರು ಮೀಟರ್ ಎತ್ತರದ ಚಾವಣಿ. ಪ್ರತಿ ಸುತ್ತಿನ ಚಪ್ಪಡಿಯನ್ನೂ ಕೆಳಗಿನದಕ್ಕಿಂತ ತುಸು ಒಳಗೆ ಚಾಚಿ ಕೂರಿಸಿ, ತುದಿಯನ್ನು ಒಂದೇ ಕಲ್ಲಿನಿಂದ ಮುಚ್ಚಿದ್ದಾರೆ. ಸಂದಿಗಳಿಗೆ ತುಂಬಿರುವುದು ಸುಟ್ಟ ಮಣ್ಣು, ಕಡಲ ಮರಳು. ಆ ಸುಟ್ಟ ಮಣ್ಣೇ ಕಟ್ಟಡದ ಕಾಲ ಹೇಳಿತು: ಸುಮಾರು ಕ್ರಿ.ಪೂ. 3200. ಗೀಜಾದ ದೊಡ್ಡ ಪಿರಮಿಡ್ಡಿಗಿಂತ ಆರು ಶತಮಾನ ಹಳೆಯದು.

ಬುಡದ ಸುತ್ತ 97 ದೊಡ್ಡ ಕಲ್ಲುಗಳ ಕಟ್ಟೆ. ಬಾಗಿಲ ಮುಂದಿನ ಕಲ್ಲಿನ ಮೈತುಂಬ ಒಂದಕ್ಕೊಂದು ಹೆಣೆದುಕೊಂಡ ಸುರುಳಿಗಳು. ಲೋಹ ಕಾಣದ ಜನ ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ಕೆತ್ತಿದ್ದಾರೆ. ಮುಂಗೋಡೆಯ ಬಿಳಿಗಲ್ಲು ದಕ್ಷಿಣದ ವಿಕ್ಲೋ ಬೆಟ್ಟಗಳದ್ದು.

1699ರಲ್ಲಿ ಕಲ್ಲು ಒಯ್ಯಲು ಬಂದ ಕೂಲಿಗಳಿಗೆ ಈ ಬಾಗಿಲು ಕಂಡಿತು. ಬಿಸಿಲು ಒಳಗೆ ಬರುತ್ತದೆ ಎಂಬ ಮಾತು ಊರವರ ಬಾಯಲ್ಲಿತ್ತು. ಪುರಾತತ್ವಜ್ಞ ಮೈಕೇಲ್ ಓಕೆಲಿ ಅದನ್ನು ನಂಬಿರಲಿಲ್ಲ. ಕಿಂಡಿ ಪತ್ತೆಯಾದ ಮೇಲೆ, 1967ರ ಡಿಸೆಂಬರಿನಲ್ಲಿ ತಾವೇ ಒಳಗೆ ಕಾದು ನಿಂತು ಕಣ್ಣಾರೆ ಕಂಡರು.

ಕಟ್ಟಿದವರು ಗೋಧಿ ಬಿತ್ತಿ ದನ ಸಾಕಿದ ರೈತರು. ಅವರ ಪೂರ್ವಿಕರ ಬೇರು ಅನಟೋಲಿಯಾದ ಕಡೆಗೆ ಹೋಗುತ್ತದೆ. ಅವರಿಗಿಂತ ಮುಂಚೆ ಈ ದ್ವೀಪದಲ್ಲಿ ಬೇಟೆಗಾರರಿದ್ದರು. ಕ್ರಿ.ಪೂ. 2500ರ ಸುಮಾರಿಗೆ ಲೋಹ ಬಲ್ಲ ಮತ್ತೊಂದು ಜನ ಬಂದಿಳಿಯಿತು. ಇಂದಿನ ಐರಿಷರಲ್ಲಿ ಹೆಚ್ಚಾಗಿ ಹರಿಯುವುದು ಈ ಕೊನೆಯವರ ರಕ್ತ. ಗುಡ್ಡ ಈ ಹೊಸಬರ ಪಾಲಿಗೆ ಅಜ್ಜನ ಆಸ್ತಿಯಾಗಿರಲಿಲ್ಲ. ಮುಂದಿನ ಪುರಾಣಗಳು ಅದನ್ನು ದಾಗ್ದಾ ದೇವತೆಗೂ ಅವನ ಮಗ ಏಂಗಸ್‌ಗೂ ಬರೆದುಕೊಟ್ಟವು.

2020ರಲ್ಲಿ ಡಿಎನ್‌ಎ ಇನ್ನೊಂದು ಗುಟ್ಟು ಬಿಚ್ಚಿತು. ಒಳಕೋಣೆಯಲ್ಲಿ ಮೂಳೆ ಉಳಿಸಿಹೋದ ಒಬ್ಬನ ತಂದೆತಾಯಿ ಒಡಹುಟ್ಟಿದವರು, ಇಲ್ಲವೇ ಹೆತ್ತವರು-ಮಕ್ಕಳು. ಇಂಥ ನಂಟನ್ನು ಇತಿಹಾಸ ಬಹುಪಾಲು ರಾಜಮನೆತನಗಳಲ್ಲಷ್ಟೇ ಒಪ್ಪಿದೆ. ಪಕ್ಕದ ಡೌತ್ ಗುಡ್ಡದ ಬಗ್ಗೆ ಹನ್ನೊಂದನೇ ಶತಮಾನದಲ್ಲಿ ಬರೆದಿಟ್ಟ ಕಥೆಯಲ್ಲೂ ರಾಜನ ತಂಗಿ ಸೂರ್ಯನನ್ನು ನಿಲ್ಲಿಸುತ್ತಾಳೆ, ರಾಜ ಅವಳೊಡನೆ ಕೂಡುತ್ತಾನೆ. ಕಾಕತಾಳೀಯವೂ ಇರಬಹುದು. ಆದರೆ ಬಿಸಿಲಿನ ವಿಷಯದಲ್ಲಿ ಊರವರ ಮಾತೇ ಗೆದ್ದಿದ್ದರಿಂದ, ಐರ್ಲೆಂಡಿನ ವಿದ್ವಾಂಸರು ಈಗ ಅಜ್ಜಿಕಥೆಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ.