ಕೃತಕ ಕಾವಿನಲ್ಲಿ ತೇವದ ಸ್ಥಾನ

ಕೋಳಿಯ ನೆರವಿಲ್ಲದೆ ಮೊಟ್ಟೆಗಳಿಗೆ ಕಾವು ಕೊಡುವ ಕಲೆಯ ಇತಿಹಾಸವನ್ನು ವಿವರಿಸುವಾಗ ಶಾಖವೊಂದನ್ನೇ ಗಣಿಸುವುದು ವಾಡಿಕೆ. ತೇವದ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದಲ್ಲಿ ಹೂಳಿ ಮರಿಮಾಡಿಸುತ್ತಿದ್ದರೆಂದು ಅರಿಸ್ಟಾಟಲನು ಹೇಳಿದ್ದಾನೆ. ಫ್ರಾನ್ಸಿನ ರಿಯೋಮ್ಯೂರನು ಗೊಬ್ಬರದ ಶಾಖವನ್ನು ಪರೀಕ್ಷಿಸಿ, ಅದರಿಂದೇಳುವ ಹಬೆಯು ಭ್ರೂಣಕ್ಕೆ ಮಾರಕವೆಂದು ಕಂಡುಕೊಂಡನು. ಆದುದರಿಂದ ಪೀಪಾಯಿಗಳನ್ನು ಗೊಬ್ಬರದಲ್ಲಿ ಹುಗಿದು, ಶಾಖವು ಒಳಬಂದು ಹಬೆಯು ಹೊರಗೇ ಉಳಿಯುವಂತೆ ಮಾಡಿದನು. ಈ ವಿಷಯವಾದ ಅವನ ಗ್ರಂಥವು 1749ರಲ್ಲಿ ಪ್ರಕಟವಾಯಿತು.

ಕೋಳಿಮೊಟ್ಟೆಗೆ 21 ದಿನಗಳ ಕಾವು ಬೇಕು. ಮೊದಲ 18 ದಿನಗಳಲ್ಲಿ ಅದು ಚಿಪ್ಪಿನ ಸೂಕ್ಷ್ಮರಂಧ್ರಗಳ ಮೂಲಕ ತನ್ನ ತೂಕದ ಸುಮಾರು ಶೇಕಡ 12ರಷ್ಟು ನೀರನ್ನು ಕಳೆದುಕೊಳ್ಳಬೇಕು. ಆ ತೆರವಿನಲ್ಲಿಯೇ ಮರಿಯ ಮೊದಲ ಉಸಿರಿಗೆ ಬೇಕಾದ ಗಾಳಿಯ ಕೋಶವು ಬೆಳೆಯುತ್ತದೆ. ತೇವವು ಮಿತಿಮೀರಿದರೆ ಈ ಕೋಶವು ಕಿರಿದಾಗುತ್ತದೆ. ತೀರ ಕಡಮೆಯಾದರೆ ಒಳಪೊರೆಯು ಒಣಗಿ ಮರಿಯನ್ನು ಬಿಗಿಹಿಡಿಯುತ್ತದೆ. ಎರಡರಲ್ಲಿಯೂ ಮರಿಗೆ ಅಪಾಯವೇ. ಆದಕಾರಣ ಮೊದಲಿಗೆ ಸುಮಾರು ಶೇಕಡ 50ರಿಂದ 55, ಕೊನೆಯ ಮೂರು ದಿನ ಶೇಕಡ 65ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆಯನ್ನು ಕಾಯ್ದುಕೊಳ್ಳುವುದು ವಿಹಿತ.