ಒಂದಿಂಚಿನ ತೋಟಾ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ಅಳಿಲು ಬೇಟೆ ಶುರುವಾಗುತ್ತದೆ. ಹಿಕರಿ ಮರಗಳಲ್ಲಿ ಕಾಯಿ ಬಲಿಯುವ ಕಾಲ ಅದು. ಬೆಳಕು ಹರಿಯುವ ಮೊದಲೇ ಮರದ ಬುಡದಲ್ಲಿ ಕೂತ ಬೇಟೆಗಾರ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾನೆ. ಕಡಿದ ಸಿಪ್ಪೆಯ ಚೂರುಗಳು ಒಣಎಲೆಯ ಮೇಲೆ ಪಟಪಟನೆ ಉದುರಿದರೆ ಅಳಿಲು ಮೇಲೆಲ್ಲೋ ಇದೆ ಎಂದರ್ಥ. ಅಲ್ಲಿನದು ನಮ್ಮ ಹಿತ್ತಲಿನ ಮೂರು ಗೆರೆಯ ಅಳಿಲಲ್ಲ. ಸುಮಾರು ಅರ್ಧ ಕಿಲೋ ತೂಗುವ ಬೂದು ಅಳಿಲು. ಒಬ್ಬರಿಗೆ ದಿನಕ್ಕೆ ಆರೇ ಆರು ಎಂಬ ಮಿತಿಯಿದೆ. ಹೊಡೆದದ್ದು ನೇರ ಅಡುಗೆಮನೆಗೆ ಹೋಗುತ್ತದೆ. ಹಾಗಾಗಿ ಬೀಳಿಸಿದರೆ ಸಾಲದು, ಬಿದ್ದದ್ದರಲ್ಲಿ ತಿನ್ನಲು ಏನಾದರೂ ಉಳಿದಿರಬೇಕು. ಯಾವ ಕ್ಯಾಲಿಬರ್‌ನ ರೈಫಲ್ ಕೊಳ್ಳಬೇಕು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಹಳೆಯ ಕಾಲದವರ ಉಪಾಯ ಬೇರೆಯೇ ಇತ್ತು. ಕೆಂಟಕಿಯ ಗಡಿನಾಡಿನಲ್ಲಿ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಅಳಿಲಿಗೆ ಗುಂಡು ತಾಗಿಸದೆಯೇ ಅದನ್ನು ಬೀಳಿಸುತ್ತಿದ್ದ ಎಂದು ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಬರೆದಿದ್ದಾನೆ. ಅಳಿಲಿನ ಹೊಟ್ಟೆಯ ಕೆಳಗಿನ ತೊಗಟೆಗೆ ಗುಂಡು ಹೊಡೆದರೆ ತೊಗಟೆ ಸಿಡಿದೆದ್ದು, ಆ ಆಘಾತಕ್ಕೇ ಅಳಿಲು ಸಾಯುತ್ತಿತ್ತಂತೆ. ಆಡುಬಾನ್ ಭೇಟಿಯಾದದ್ದು ನಿಜವಾಗಿ ಬೂನ್‌ನನ್ನೇ ಎಂಬುದರಲ್ಲಿ ಇತಿಹಾಸಕಾರರಿಗೆ ಅನುಮಾನವಿದೆ. ಆದರೆ ಕಥೆಯ ಒಳಗಿನ ಲೆಕ್ಕಾಚಾರ ಅರ್ಥವಾಗುವಂಥದ್ದೇ: ಗುಂಡು ದೊಡ್ಡದು, ಪ್ರಾಣಿ ಚಿಕ್ಕದು, ಮಾಂಸ ಕೆಡಬಾರದು.

ಈಗ ಆ ಸಾಹಸ ಬೇಕಿಲ್ಲ. ಅಂಗಡಿಯಲ್ಲಿ ತರಹೇವಾರಿ ತೋಟಾಗಳು ಸಿಗುತ್ತವೆ. ಕ್ಯಾಲಿಬರ್ ಅಂದರೆ ಸ್ಥೂಲವಾಗಿ ಗುಂಡಿನ, ಇಲ್ಲವೇ ಅದು ಹಾದುಹೋಗುವ ನಳಿಗೆಯ ಒಳಗಿನ ಅಡ್ಡಳತೆ. ಪಾಯಿಂಟ್ 22 ಎಂದರೆ ಒಂದು ಇಂಚಿನ ನೂರರಲ್ಲಿ 22 ಭಾಗ, ಅಂದಾಜು 5.6 ಮಿಲಿಮೀಟರ್. ಆದರೆ ಈ ಸಂಖ್ಯೆಯನ್ನಷ್ಟೇ ನಂಬಿ ಅಂಗಡಿಗೆ ಹೋದವರು ಮೋಸಹೋಗುತ್ತಾರೆ. ಅಮೆರಿಕದ ಸೈನಿಕರ ಎಂ-16 ರೈಫಲ್‌ನ ಗುಂಡೂ ಹೆಚ್ಚುಕಡಿಮೆ ಇಷ್ಟೇ ದಪ್ಪ. ವ್ಯತ್ಯಾಸವಿರುವುದು ಗುಂಡಿನ ಹಿಂದೆ ತುಂಬಿದ ಮದ್ದಿನಲ್ಲಿ, ಗುಂಡಿನ ತೂಕದಲ್ಲಿ, ಅದು ಹೊರಡುವ ವೇಗದಲ್ಲಿ. ಸಾಮಾನ್ಯ .22 ತೋಟಾದ ಗುಂಡು ನಳಿಗೆ ಬಿಡುವಾಗ ಸುಮಾರು 140 ಜೂಲ್ ಶಕ್ತಿ ಹೊತ್ತಿರುತ್ತದೆ. ಅದೇ ದಪ್ಪದ .223 ರೆಮಿಂಗ್ಟನ್‌ನದ್ದು 1,700 ಜೂಲ್‌ಗೂ ಮೇಲೆ.

ಗುರಿ ಅಭ್ಯಾಸಕ್ಕೂ ಮೊಲ, ಅಳಿಲಿನಂಥ ಸಣ್ಣ ಬೇಟೆಗೂ ಸೇರಿ ಒಂದೇ ರೈಫಲ್ ಎಂದರೆ ಅಮೆರಿಕದಲ್ಲಿ ಬಹಳಷ್ಟು ಜನ ಕಣ್ಣುಮುಚ್ಚಿ ಹೇಳುವ ತೋಟಾದ ಹೆಸರು .22 ಲಾಂಗ್ ರೈಫಲ್. ಇಡೀ ತೋಟಾ ಉದ್ದಕ್ಕೆ ಒಂದೇ ಇಂಚು. ಅದರ ಸೀಸದ ಗುಂಡಿನ ತೂಕ 40 ಗ್ರೇನ್, ಎಂದರೆ 2.6 ಗ್ರಾಂ. ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ತನ್ನ ಮೊದಲ ರಿವಾಲ್ವರ್‌ಗಾಗಿ ತಂದ .22 ಶಾರ್ಟ್ ಈ ವಂಶದ ಅಜ್ಜ. ಲಾಂಗ್ ರೈಫಲ್ ಬಂದದ್ದು 1887ರಲ್ಲಿ, ಸ್ಟೀವನ್ಸ್ ಕಂಪನಿಯಿಂದ. ಆಮೇಲೆ ಎರಡು ಮಹಾಯುದ್ಧಗಳು ಮುಗಿದವು, ಎಷ್ಟೋ ತೋಟಾಗಳು ಬಂದು ಮರೆಯಾದವು. ಇದು ಮಾತ್ರ ಅಲುಗಾಡಲಿಲ್ಲ.

ಇದರ ಹಿಂಬದಿಯನ್ನು ಹತ್ತಿರದಿಂದ ನೋಡಿದರೆ ನಡುವೆ ಯಾವ ಬೊಟ್ಟೂ ಕಾಣುವುದಿಲ್ಲ. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು ನಟ್ಟನಡುವೆ ಕೂತಿರುತ್ತದೆ, ಅವು ಸೆಂಟರ್‌ಫೈರ್. .22ರಲ್ಲಿ ಆ ಸ್ಫೋಟಕವನ್ನು ಹಿತ್ತಾಳೆ ಕೊಳವೆಯ ತಳದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಕುದುರೆ ಎಳೆದಾಗ ಮೊಳೆ ಬಂದು ಅಂಚನ್ನು ಜಜ್ಜುತ್ತದೆ, ಕಿಡಿ ಹುಟ್ಟುತ್ತದೆ. ಇದೇ ರಿಮ್‌ಫೈರ್. ಅಂಚು ಜಜ್ಜಿಹೋಗುವಷ್ಟು ತೆಳುವಾಗಿರಬೇಕು, ಆದ್ದರಿಂದ ಒಳಗೆ ಒತ್ತಡ ಮಿತಿಯಲ್ಲೇ ಇರಬೇಕು. ಖಾಲಿ ತೋಟಾವನ್ನು ಮತ್ತೆ ತುಂಬಿಸಿಕೊಳ್ಳಲೂ ಬರುವುದಿಲ್ಲ. ಪ್ರತಿಯಾಗಿ ತಯಾರಿಕೆ ಸುಲಭ, ಬೆಲೆ ಅಗ್ಗ. ಸಂಜೆಯೊಂದರಲ್ಲಿ ನೂರಿನ್ನೂರು ಸುತ್ತು ಹಾರಿಸಿದರೂ ಜೇಬು ಹರಿಯುವುದಿಲ್ಲ.

ಅಗ್ಗ ಎಂಬುದಕ್ಕಿಂತಲೂ ದೊಡ್ಡ ಗುಣ ಇದರ ಸೌಮ್ಯತೆ. ದೊಡ್ಡ ರೈಫಲ್ ಭುಜಕ್ಕೆ ಒದೆಯುತ್ತದೆ, ಕಿವಿ ಗುಂಯ್‌ಗುಡಿಸುತ್ತದೆ. ಹತ್ತಾರು ಸುತ್ತಾದ ಮೇಲೆ ಹೊಸಬನ ಮೈ ಮುಂದಿನ ಒದೆತವನ್ನು ನೆನೆದೇ ಬೆಚ್ಚತೊಡಗುತ್ತದೆ. ಕುದುರೆ ಎಳೆಯುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತದೆ, ಭುಜ ಮುಂದೆ ನೂಕುತ್ತದೆ, ಗುಂಡು ಎಲ್ಲೋ ಹೋಗುತ್ತದೆ. ಒಮ್ಮೆ ಅಂಟಿದರೆ ಬಿಡಿಸಲು ಬಹಳ ಕಷ್ಟವಾದ ಚಾಳಿ ಇದು. ಅಮೆರಿಕದಲ್ಲಿ ಮಕ್ಕಳ ಕೈಗೆ ಮೊದಲು .22 ಕೊಡುವುದಕ್ಕೆ ಇದೇ ಕಾರಣ. 1964ರಲ್ಲಿ ಬಂದ ರೂಗರ್ 10/22 ರೈಫಲ್ ಇಂದಿಗೂ ಮಾರಾಟವಾಗುತ್ತಿರುವುದರ ಹಿಂದೆ ಇಂಥ ಎಷ್ಟೋ ಅಪ್ಪಂದಿರ ಎಣಿಕೆಯಿದೆ.

.22 ಅಂತ ತೀರ್ಮಾನಿಸಿದ ಮೇಲೂ ತಲೆನೋವು ಮುಗಿಯುವುದಿಲ್ಲ. ಒಂದೇ ಅಳತೆಯ ತೋಟಾದಲ್ಲಿ ನಿಧಾನದ್ದು, ವೇಗದ್ದು ಎಂದು ಎರಡು ಪಂಗಡ. ನಿಧಾನದ ಗುಂಡು ಸೆಕೆಂಡಿಗೆ ಸುಮಾರು 320–330 ಮೀಟರ್ ಹೋಗುತ್ತದೆ, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ವೇಗದ್ದು 370–380 ಮೀಟರ್. ಹೊಸಬರು ಹೆಚ್ಚಿನ ಸಂಖ್ಯೆ ನೋಡಿ ವೇಗದ ಡಬ್ಬಿಯನ್ನೇ ಎತ್ತಿಕೊಳ್ಳುತ್ತಾರೆ. ಸ್ಪರ್ಧೆಗೆ ಇಳಿಯುವವರು ಮಾಡುವುದು ಇದರ ತದ್ವಿರುದ್ಧ. ಶಬ್ದದ ವೇಗ ಮೀರಿ ಹೊರಟ ಗುಂಡು ಗುರಿ ಮುಟ್ಟುವ ಮೊದಲೇ ಆ ಗಡಿಯನ್ನು ಕೆಳಮುಖವಾಗಿ ದಾಟಬೇಕಾಗುತ್ತದೆ. ದಾಟುವಾಗ ತುಸು ತೂರಾಡುತ್ತದೆ. ಇನ್ನೊಂದು ವಿಚಿತ್ರ: ಅಡ್ಡಗಾಳಿ ಬೀಸಿದರೆ ನಿಧಾನದ ಗುಂಡಿಗಿಂತ ವೇಗದ .22 ಗುಂಡೇ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಲೇ ಏರುವುದರಿಂದ ಹೀಗಾಗುತ್ತದೆ.

ನಿಧಾನದ .22 ಎಷ್ಟು ನಿಖರ ಎಂಬುದಕ್ಕೆ ಒಲಿಂಪಿಕ್ಸ್ ಸಾಕ್ಷಿ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವುದು ಇದೇ ತೋಟಾ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಒಂದು ಶರ್ಟಿನ ಗುಂಡಿಯಷ್ಟು. 2012ರ ಲಂಡನ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಬೆಲಾರುಸ್‌ನ ಸೆರ್ಗೆಯ್ ಮಾರ್ತಿನೋವ್ ಬೋರಲು ಮಲಗಿ 60 ಗುಂಡು ಹಾರಿಸಿ 600ಕ್ಕೆ 600 ಪಡೆದು, ಮುಂದೆ ಚಿನ್ನವನ್ನೂ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದೂ 50 ಮೀಟರ್‌ನಲ್ಲೇ. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಗಳ ಸ್ಪರ್ಧೆಯಲ್ಲಿ.

ಇಷ್ಟಾದರೂ ಪ್ರತಿ ನಳಿಗೆಗೂ ಅದರದ್ದೇ ಹಟವಿರುತ್ತದೆ. ಒಂದೇ ಕಾರ್ಖಾನೆಯಿಂದ ಬಂದ ಎರಡು ರೈಫಲ್‌ಗಳಲ್ಲಿ ಒಂದಕ್ಕೆ ಒಗ್ಗಿದ ತೋಟಾ ಇನ್ನೊಂದಕ್ಕೆ ಒಗ್ಗುವುದಿಲ್ಲ. ದೊಡ್ಡ ಸ್ಪರ್ಧಾಳುಗಳು ತಮ್ಮ ರೈಫಲ್ ಹೊತ್ತುಕೊಂಡು ತೋಟಾ ತಯಾರಕರ ಪರೀಕ್ಷಾ ಕೇಂದ್ರಗಳಿಗೇ ಹೋಗಿ, ಬೇರೆಬೇರೆ ಕಂತಿನ ಸರಕು ಹಾರಿಸಿ ನೋಡಿ, ಹೊಂದಿದ ಕಂತನ್ನು ಸಗಟಾಗಿ ಕೊಳ್ಳುತ್ತಾರೆ. ಸಾಮಾನ್ಯನಿಗೆ ಅಷ್ಟು ಬೇಡ. ನಾಲ್ಕೈದು ಬಗೆಯ ಒಂದೊಂದು ಡಬ್ಬಿ ತಂದು, ಒಂದೇ ದಿನ, ರೈಫಲ್‌ಗೆ ಆಸರೆ ಕೊಟ್ಟು, 50 ಮೀಟರ್‌ನಲ್ಲಿ ಕಾಗದಕ್ಕೆ ಹೊಡೆದು ನೋಡಿದರೆ ಯಾವುದು ಒತ್ತೊತ್ತಾಗಿ ಬೀಳುತ್ತದೆ ಎಂದು ಕಾಗದವೇ ಹೇಳುತ್ತದೆ.

.22ರ ಮಿತಿ ದೂರ. 50 ಗಜಕ್ಕೆ ಗುರಿ ಹೊಂದಿಸಿದ ರೈಫಲ್‌ನ ಗುಂಡು 100 ಗಜದಲ್ಲಿ ಸುಮಾರು 15 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಕಾಗದಕ್ಕಾದರೆ ಸ್ಕೋಪ್ ತಿರುಗಿಸಿ ಸರಿಮಾಡಿಕೊಳ್ಳಬಹುದು. ಮೊಲಕ್ಕೆ ಅಂದಾಜಿನಲ್ಲಿ ಹೊಡೆದರೆ ಅದು ಗಾಯಗೊಂಡು ಪೊದೆ ಸೇರುತ್ತದೆ. ಯಾವ ಮರ್ಯಾದಸ್ಥ ಬೇಟೆಗಾರನೂ ಇದನ್ನು ಒಪ್ಪುವುದಿಲ್ಲ. ಈ ಕೊರತೆ ತುಂಬಲೆಂದೇ ವಿಂಚೆಸ್ಟರ್ ಕಂಪನಿ 1959ರಲ್ಲಿ .22 ಮ್ಯಾಗ್ನಮ್ ತಂದಿತು. ಗುಂಡಿನ ತೂಕ ಅದೇ 40 ಗ್ರೇನ್, ವೇಗ ಸೆಕೆಂಡಿಗೆ 570 ಮೀಟರ್‌ನಷ್ಟು, ಶಕ್ತಿ ಮೂರು ಪಟ್ಟು. 2002ರಲ್ಲಿ ಹಾರ್ನಡಿ ಕಂಪನಿ ಇದೇ ಮ್ಯಾಗ್ನಮ್ ಕೊಳವೆಯ ಕತ್ತು ಕಿರಿದುಗೊಳಿಸಿ, ಒಂದು ಗ್ರಾಂಗಿಂತ ತುಸುವೇ ಹೆಚ್ಚು ತೂಕದ ಗುಂಡು ಕೂರಿಸಿ, .17 ಎಚ್‌ಎಂಆರ್ ಎಂದು ಹೆಸರಿಟ್ಟಿತು. ಅದು ಸೆಕೆಂಡಿಗೆ 770 ಮೀಟರ್‌ಗೂ ಮೀರಿ ಹಾರುತ್ತದೆ. 100 ಗಜದವರೆಗೆ ಅದರ ದಾರಿ ಹೆಚ್ಚುಕಡಿಮೆ ನೆಟ್ಟಗೆ.

ಹಾಗಾದರೆ ಎಲ್ಲರೂ .17 ಕೊಳ್ಳಬಾರದೇಕೆ? ಮೊದಲನೆಯದು ದುಡ್ಡು: ತೋಟಾದ ಬೆಲೆ .22ಕ್ಕಿಂತ ಹಲವು ಪಟ್ಟು. ದಿನವೂ ಅಭ್ಯಾಸ ಮಾಡಬೇಕಾದವನು ಬೆಲೆ ನೋಡಿ ಅಭ್ಯಾಸವನ್ನೇ ಕಡಿಮೆ ಮಾಡಿಕೊಂಡರೆ ಲಾಭವೇನು? ಎರಡನೆಯದು ಅಡುಗೆಮನೆ. ತುದಿಗೆ ಪ್ಲಾಸ್ಟಿಕ್ ಮೊನೆಯಿರುವ ಆ ಗುಂಡು ತಾಗಿದ ಕೂಡಲೇ ಒಡೆದು ಚೂರಾಗುತ್ತದೆ. ಮೈಗೆ ಬಿದ್ದರೆ ಅಳಿಲಿನ ಅರ್ಧ ಮಾಂಸ ಹಾಳು. ಹೊಲಗಳಲ್ಲಿ ಬಿಲ ತೋಡುವ ಹೆಗ್ಗಣದಂಥ ಪ್ರಾಣಿಗಳನ್ನು ದೂರದಿಂದ ನಿವಾರಿಸುವ ರೈತನಿಗೆ ಅದು ಸರಿ. ತಿನ್ನಲು ಹೊಡೆಯುವವನಿಗೆ ತಲೆಗೇ ಗುರಿಯಿಡುವ ಕೈ ಇರಬೇಕು. .223 ಅಂತೂ ಈ ಚರ್ಚೆಗೇ ಸೇರದು. ಅದು ಕಯೋಟಿಯಂಥ ತೋಳದ ಜಾತಿಯ ಪ್ರಾಣಿಗಳಿಗೆ.

ಚಿಕ್ಕ ತೋಟಾದ ಭಕ್ತರು ತಪ್ಪದೆ ಹೇಳುವ ಕಥೆಯೊಂದಿದೆ. 1953ರ ಮೇ 10ರಂದು ಕೆನಡಾದ ಆಲ್ಬರ್ಟಾದಲ್ಲಿ, ಸ್ಲೇವ್ ಲೇಕ್ ಬಳಿ, ಬೆಲ್ಲಾ ಟ್ವಿನ್ ಎಂಬ ಕ್ರೀ ಜನಾಂಗದ ಮಹಿಳೆ ಎದುರಾದ ದೊಡ್ಡ ಗ್ರಿಜ್ಲಿ ಕರಡಿಯನ್ನು ಒಮ್ಮೆಗೆ ಒಂದೇ ಗುಂಡು ತುಂಬುವ ಹಳೆಯ .22 ರೈಫಲ್‌ನಿಂದ ತಲೆಗೆ ಹೊಡೆದು ಕೆಡವಿದರು. ಆಗ ಆಕೆಗೆ ಅರವತ್ತು ದಾಟಿತ್ತು. ಕರಡಿ ಗಾತ್ರದಲ್ಲಿ ಅಂದಿನ ವಿಶ್ವದಾಖಲೆ. ಆಕೆ ಕಾಡಿನಲ್ಲೇ ಬದುಕು ಸವೆಸಿದವರು, ತಲೆಬುರುಡೆಯಲ್ಲಿ ಎಲ್ಲಿ ಹೊಡೆಯಬೇಕೆಂದು ಬಲ್ಲವರು, ಬೇರೆ ದಾರಿ ಇಲ್ಲದೆ ಹೊಡೆದವರು. ಇದನ್ನು ಕೇಳಿ ಯಾರಾದರೂ .22 ಹಿಡಿದು ಕರಡಿಯ ಹಿಂದೆ ಹೋದರೆ ಮುಂದಿನ ಕಥೆ ಹೇಳಲು ಅವರು ಉಳಿಯಲಾರರು.

ಚಿಕ್ಕದು ಎಂಬ ಸಸಾರವೂ ಸಲ್ಲದು. ತೋಟಾ ಡಬ್ಬಿಗಳ ಮೇಲೆ ಗುಂಡು ಒಂದೂವರೆ ಮೈಲಿವರೆಗೆ, ಎಂದರೆ 2.4 ಕಿಲೋಮೀಟರ್, ಹೋಗಬಲ್ಲದು ಎಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಮೆತ್ತನೆಯ, ನಿಧಾನದ ಸೀಸದ ಗುಂಡು ಕಲ್ಲಿಗೋ ನೀರಿಗೋ ತಾಗಿದರೆ ಚಿಮ್ಮಿ ಇನ್ನೊಂದು ದಿಕ್ಕು ಹಿಡಿಯುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಹಾರಿಸಬಾರದು ಎಂಬ ನಿಯಮ ಇದಕ್ಕೇ. ಸೀಸದ್ದು ಇನ್ನೊಂದು ತಕರಾರು: ಹೊಡೆದ ಪ್ರಾಣಿಯ ಅವಶೇಷ ತಿಂದ ಹದ್ದುಗಳಿಗೆ ವಿಷವೇರುತ್ತದೆ ಎಂದು ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿತು. ಅಭ್ಯಾಸದ ಮೈದಾನಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ.

ನಮ್ಮ ದೇಶದಲ್ಲಿ ಈ ಆಯ್ಕೆಯ ಬೇಟೆಯ ಭಾಗ ಕಾನೂನಿನಿಂದ ಮುಚ್ಚಿದ ಅಧ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹವ್ಯಾಸಕ್ಕಾಗಿ ಮೊಲ ಹೊಡೆಯುವುದೂ ಅಪರಾಧ. ಉಳಿದಿರುವುದು ಗುರಿ. ಎನ್‌ಸಿಸಿಯಲ್ಲಿದ್ದ ಎಷ್ಟೋ ಕನ್ನಡಿಗರು ಜೀವನದಲ್ಲಿ ಹಾರಿಸಿದ ಒಂದೇ ರೈಫಲ್ .22 ಆಗಿರುತ್ತದೆ. ಕೊಡಗಿನಲ್ಲಂತೂ ಕೋವಿ ಮನೆಯ ಸದಸ್ಯನಿದ್ದಂತೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬದಲ್ಲಿ ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಗೌರಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈಗಿನ ಪಂದ್ಯಗಳಲ್ಲಿ 12 ಬೋರ್ ಕೋವಿ, .22 ರೈಫಲ್, ಏರ್‌ಗನ್ ಎಂದು ವಿಭಾಗಗಳೇ ಬೇರೆ ಇರುತ್ತವೆ.

ಗುರಿ ಹೊಡೆಯುವ ಆಸೆಯಿರುವ ಓದುಗರು .22 ಹುಡುಕುವ ಮೊದಲು .177 ಏರ್ ರೈಫಲ್‌ನಿಂದ ಶುರುಮಾಡುವುದು ಒಳ್ಳೆಯದು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಈ 4.5 ಮಿಲಿಮೀಟರ್ ಗುಂಡಿನಲ್ಲೇ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್ ಮೀರದ .177 ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ; .22 ರೈಫಲ್‌ಗೆ ಬೇಕು. ಕೊಳ್ಳುವ ಮುನ್ನ ಹತ್ತಿರದ ರೈಫಲ್ ಕ್ಲಬ್‌ಗೆ ಹೋಗಿ, ಅಲ್ಲಿಯ ತರಬೇತುದಾರರ ಎದುರು ಕೆಲವು ವಾರ ಹತ್ತು ಮೀಟರ್‌ನ ಕಾಗದಕ್ಕೆ ಹೊಡೆದು ನೋಡಿ.